ಗಂಟಲಲ್ಲೇ ನಿಂತ ಹಾಡು

ಮಣಿಕಟ್ಟು ಉಳುಕಿದ ದರ್ಜಿ ಹೆಂಗಸೊಬ್ಬಳು ಫಿಸಿಯೋಥೆರಪಿ ಕೋಣೆಯ ಹೊರಗೆ ಸರದಿಗೆ ಕಾಯುತ್ತಿದ್ದಳು. ಪಕ್ಕದ ಬೆಂಚಿನಲ್ಲಿ ಇಬ್ಬರು ಗಂಡಸರು. ಹಿರಿಯನ ಎಡಗೈ ಬೆರಳುಗಳಿಗೆಲ್ಲ ಪಟ್ಟಿ. ಬೇಡವೆಂದರೂ ಅವರ ಮಾತು ಅವಳ ಕಿವಿಗೆ ಬೀಳುತ್ತಿತ್ತು.

“ಭಾವ, ಈ ಭಾನುವಾರ ಚರ್ಚಲ್ಲಿ ನಾನು ಹಾಡಲ್ಲ.”

“ಯಾಕೋ? ಕೃಪೆಯ ಹಾಡು ನೀನೇ ಬರೆದಿದ್ದು. ಜನ ಅದಕ್ಕೇ ಕಾಯ್ತಾರೆ.”

“‘ನನ್ನ ತಪ್ಪೆಲ್ಲ ತೊಳೆದೆ’ ಅನ್ನೋ ಸಾಲಿಗೆ ಬಂದ್ರೆ ಗಂಟಲು ಕಟ್ಟುತ್ತೆ. ಪಕ್ಕದಲ್ಲಿ ನಿಮ್ಮ ಗಿಟಾರ್ ಇಲ್ಲ. ನೀವು ಬೇಡ ಅಂದ್ರೂ ಕಾರು ಓಡಿಸ್ತಾ ಫೋನ್ ನೋಡಿ, ಗುದ್ದಿ, ನಿಮ್ಮ ಬೆರಳು ಮುರಿದೋನು ನಾನು.”

“ಕ್ಷಮಿಸಿದೀನಿ ಅಂತ ಎಷ್ಟು ಸಲ ಹೇಳ್ಲಿ?”

“ಅದನ್ನೇ ತಡ್ಕೊಳ್ಳೋಕಾಗ್ತಿಲ್ಲ. ಅಕ್ಕ ಬಾಯಿಗೆ ಬಂದಂಗೆ ಬೈದ್ಲು, ಎದೆ ಹಗುರಾಯ್ತು. ನೀವೂ ಒಂದ್ಸಲ ಬೈದುಬಿಡಿ.”

ಹಿರಿಯ ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡ.

“ಮನಸ್ಸಲ್ಲೇ ಬೇಕಾದಷ್ಟು ಬೈದಿದೀನಿ ಕಣೋ. ನೀನು ಹಾಡೋದು ಕೇಳಿದ್ರೆ ಮೈಯೆಲ್ಲ ಉರೀತಿತ್ತು.”

“ಈಗ?”

“ಕೆಲವು ದಿನ ಈಗ್ಲೂ ಉರಿಯುತ್ತೆ. ಅವತ್ತು ಮತ್ತೆ ಮೊದಲಿಂದ ಕ್ಷಮಿಸ್ತೀನಿ.”

ಕಿರಿಯ ತಲೆ ಎತ್ತಲಿಲ್ಲ. ಒಳಗಿನಿಂದ ಹಿರಿಯನಿಗೆ ಕರೆ ಬಂತು.

“ಇಷ್ಟು ದಿನ ಹೊರಗೇ ಕೂತಿದ್ದು ಸಾಕು, ನೀನೂ ಬಾ. ಬೆರಳು ಬಗ್ಗಿಸುವಾಗ ಜೀವ ಹೋಗುತ್ತೆ. ಹಿಡ್ಕೊಳ್ಳೋಕೆ ಒಂದು ಕೈ ಬೇಕು.”

ಕಿರಿಯ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಎದ್ದ. ಭಾವನ ಹಿಂದೆಯೇ ಒಳಗೆ ಹೋದ.