ರಿಕ್‌ನ ಹೆಲ್ಮೆಟ್

ಅಮೆರಿಕದ ವಿಕ್ಸಮ್ ಊರಿನ ಅಂಗಡಿಯ ಸಾಲಿನಲ್ಲಿ ಲತಾಶ್ರೀಯ ಮುಂದೆ ಇಬ್ಬರು ಫೈರ್‌ಮನ್‌ಗಳು, ಸ್ಟೇಷನ್ನಿನ ಊಟಕ್ಕೆ ಸಾಮಾನಿನ ಗಾಡಿಯಲ್ಲಿ ಕೋಳಿ, ಆಲೂಗಡ್ಡೆ ತುಂಬಿಕೊಂಡು, ಇಂಗ್ಲಿಷಿನಲ್ಲಿ ಕಿತ್ತಾಡುತ್ತಿದ್ದರು. ಕಿರಿಯವನು ಅವಳಿಗೆ ಗೊತ್ತು, ಗೆಳತಿ ಪದ್ಮಮ್ಮನ ಮಗ ಜೈ.

“ಈ ಚುನಾವಣೇಲಿ ನಮ್ಮ ಯೂನಿಯನ್ ಬೆಂಬಲ ಆ ಸೆನೆಟರ್‌ಗೇ. ದೇಶದ ಪ್ರೆಸಿಡೆಂಟ್ ಆದರೆ ಹೊಸ ಟ್ರಕ್ ಕೊಡಿಸ್ತಾನಂತೆ,” ಎಂದ ಹಿರಿಯವನು, ಸ್ಟೇಷನ್ನಿನ ಕ್ಯಾಪ್ಟನ್.

“ಕ್ಯಾನ್ಸರ್ ಬಂದ ಫೈರ್‌ಮನ್‌ಗಳಿಗೆ ಪರಿಹಾರ ಬೇಡ ಅಂದವನೂ ಅವನೇ.”

“ಹಳೇ ಕಥೆ, ಜೈ.”

“ನಮ್ಮ ರಿಕ್ ಅದೇ ಕ್ಯಾನ್ಸರ್‌ನಿಂದ ಸತ್ತು ಎಂಟು ತಿಂಗಳು. ಹಳೇದಾ?”

“ನಾಳೆ ಪ್ರಚಾರ ಸಭೇಲಿ ಸ್ಟೇಜ್ ಮೇಲೆ ಆ ಸೆನೆಟರ್‌ಗೆ ನಮ್ಮ ಹೆಲ್ಮೆಟ್ ಹಾಕ್ತೀವಿ.”

“ಯಾರದು?”

ಕ್ಯಾಪ್ಟನ್ ಬಿಲ್ ಕೌಂಟರಿನ ಚಲಿಸುವ ಬೆಲ್ಟಿನ ಮೇಲೆ ಕೋಳಿ ಇಡತೊಡಗಿದ.

“ಯಾರ ಹೆಲ್ಮೆಟ್ ಅಂದೆ.”

“ರಿಕ್‌ದು. ಸುಮ್ನೆ ಸ್ಟೇಷನ್ ಗೋಡೇಲಿ ನೇತಾಡ್ತಿದೆಯಲ್ಲ.”

“ಇವತ್ತೇ ಅದನ್ನ ರಿಕ್ ಹೆಂಡತಿಗೆ ಕೊಟ್ಟು ಬರ್ತೀನಿ. ಧೈರ್ಯ ಇದ್ರೆ ಅವಳ ಹತ್ರ ಕೇಳಿ.”

ಜೈ ಗಾಡಿಯಿಂದ ಒಂದು ಬ್ರೆಡ್ ತೆಗೆದ. ಕೋಳಿಯ ಹಿಂದೆ, ಒಬ್ಬರ ಸಾಮಾನು ಇನ್ನೊಬ್ಬರ ಬಿಲ್ಲಿಗೆ ಸೇರದಂತೆ ಇಡುವ ಅಡ್ಡಪಟ್ಟಿ ಇಟ್ಟು, ಅದರಾಚೆ ಬ್ರೆಡ್ ಇಟ್ಟು, “ಇನ್ನು ನನ್ನ ಊಟ ಬೇರೆ,” ಎಂದ.