ದಾರಿಯಿಲ್ಲದ ಪುಟ

ನಂಜನಗೂಡಿನ ಫಿಜಿಯೋಥೆರಪಿ ಕ್ಲಿನಿಕ್ಕಿನ ಕಿಟಕಿಯ ಬಳಿ ಗಾಲಿಕುರ್ಚಿಯೊಂದು ನಿಂತಿತ್ತು. ಅದರಲ್ಲಿ ಕುಳಿತವರ ಬಲಗೈ ತೊಡೆಯ ಮೇಲೆ, ಬಿಸಿಲಿನಲ್ಲಿ, ಬೆರಳು ಮಡಚಿ ಮಲಗಿತ್ತು, ಉಂಗುರ ಸಡಿಲವಾಗಿತ್ತು. ಮಂಡಿನೋವಿಗೆಂದು ಬಂದು ಸರದಿ ಕಾಯುತ್ತಿದ್ದ ಪುಟ್ಟಬಸವಯ್ಯನವರು ಆ ಕೈಯನ್ನೇ ನೋಡುತ್ತಿದ್ದರು. ಪಕ್ಕದ ಬೆಂಚಿನಲ್ಲಿ ಕುರ್ಚಿಯವರ ಹೆಂಡತಿ ಸರ್ವಮಂಗಳಾ, ಲ್ಯಾಪ್‌ಟಾಪ್ ತೆರೆದು ಕುಳಿತ ಗಂಡನ ಶಿಷ್ಯೆ ಪವಿತ್ರಳೊಡನೆ ಮಾತಿಗಿಳಿದಿದ್ದರು.

“ಇವರು ಕೂಡಿಸಿದ ಇನ್ನೂರ ಹನ್ನೆರಡು ಸೋಬಾನೆ ಪದ ಇವರ ವೆಬ್‌ಸೈಟಲ್ಲಿ ಅವೆ. ನಮ್ಮತ್ತೆ ಕಡೇಲಿ ಹಾಡಿದ್ದು ಒಂದನ್ನ ಸೇರ್ಸಕ್ಕೆ ಏನವ್ವ ಕಷ್ಟ?”

“ಸರ್ ರೆಡಿಮೇಡ್ ಸಾಫ್ಟ್‌ವೇರ್ ತಗೊಂಡಿಲ್ಲ ಕಣಕ್ಕ. ಲೈಬ್ರರಿ ಅಂತ ಬಿಡಿ ಭಾಗ ಸಿಕ್ತವೆ. ಒಂದು ಪದ ಓದ್ತದೆ, ಒಂದು ಅಚ್ಚಿಗೆ ಹುಯ್ತದೆ, ಇನ್ನೊಂದು ಪಟ್ಟಿ ಕಟ್ತದೆ. ಯಾವುದಾದ ಮೇಲೆ ಯಾವುದು ಅಂತ ಸರ್ರೇ ಒಂದು ಫೈಲಲ್ಲಿ ಬರೆದಿದ್ರು. ಅದನ್ನ ಓಡಿಸಿದ್ರೆ ಅಷ್ಟೂ ಪುಟ ಒಟ್ಗೇ ಹೊಸದಾಗಿ ಬರ್ತಿದ್ವು. ಆ ಫೈಲೇ ಸಿಕ್ತಿಲ್ಲ.”

“ಇವರನ್ನೇ ಕೇಳು.”

“ಸರ್, ಆ ಫೈಲ್ ಎಲ್ಲಿಟ್ಟಿದೀರಿ?”

“ಆಮೇಲೆ,” ಎಂದರು ಕುರ್ಚಿಯಲ್ಲಿದ್ದವರು.

“ಸ್ಟ್ರೋಕ್ ಆದಾಗಿಂದ ಅದೊಂದೇ ಮಾತು ಕಣವ್ವ. ಊಟಕ್ಕೆ ಕರೆದ್ರೂ ಆಮೇಲೆ, ಉಂಡು ಕೈ ತೊಳೆದ ಮೇಲೂ ಆಮೇಲೆ.”

ಪವಿತ್ರ ಪರದೆಯಿಂದ ಕಣ್ಣೆತ್ತಲಿಲ್ಲ.

“ಒಂದು ಪುಟ ನಾನೇ ಕೈಯಲ್ಲಿ ಬರೆದು ಇಡಬೋದು ಕಣಕ್ಕ. ಆದ್ರೆ ಪಟ್ಟೀಲಿ ಹೆಸರಿರಲ್ಲ. ಬೇರೆ ಯಾವ ಪುಟದಿಂದ್ಲೂ ಅಲ್ಲಿಗೆ ದಾರಿ ಇರಲ್ಲ. ಓದೋರಿಗೆ ಸಿಕ್ಕಲ್ಲ.”

“ಇಡು. ಅದರ ವಿಳಾಸ ನಂಗೊಂದು ಚೀಟೀಲಿ ಬರ್ಕೊಡು. ದಿನಾ ತೆಗೆದು ಇವರಿಗೆ ತೋರಿಸ್ತೀನಿ.”

ಒಳಗಿನಿಂದ ಕರೆ ಬಂತು. ಸರ್ವಮಂಗಳಾ ಎದ್ದು, ಗಂಡನ ಬಲಗೈಯನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟು, ಕುರ್ಚಿಯನ್ನು ತಳ್ಳಿಕೊಂಡು ನಡೆದರು. ಹೊಸ್ತಿಲು ದಾಟುವಾಗ “ಆಮೇಲೆ” ಎಂಬುದು ಮತ್ತೊಮ್ಮೆ ಕೇಳಿಸಿತು. ಬಾಗಿಲು ಅವರ ಹಿಂದೆ ಮುಚ್ಚಿಕೊಂಡಿತು.