ಬೇರಿಂಗಿನ ಸಪ್ಪಳ

...ಇಲ್ಲ ದೀಪಾ, ಅದನ್ನೂ ನೋಡೀನಿ. ಗಾಡಿ ಎಂಜಿನ್ನಿನ್ಯಾಗ ಎಣ್ಣಿ ಕಡಿಮಿ ಇಲ್ಲ. ಬೇಕಾದ್ರ ಕಡ್ಡಿ ತಗದು ನೀನ ನೋಡು, ಮ್ಯಾಲಿನ ಗೆರಿ ತನಕ ಅದ. ಹೋದ ವಾರನ ಬದಲಿ ಮಾಡಿ ಸ್ವಲ್ಪ ದಪ್ಪಂದು ಹಾಕೀನಿ. ಫಿಲ್ಟರೂ ಹೊಸಾದು. ಮುಂಜಾನೆ ತಣ್ಣಗಿದ್ದಾಗ ಚಾಲೂ ಮಾಡಿದ್ರ ಎಣ್ಣಿ ಪ್ರೆಶರ್ ಮೀಟರಿನ ಮುಳ್ಳು ಬರೋಬ್ಬರಿ ಮ್ಯಾಲ ನಿಂದರ್ತದ. ಎಂಜಿನ್ ಕಾಯ್ತಂದ್ರ ಮುಗೀತು. ಸಿಗ್ನಲ್‌ದಾಗ ನಿಂತ್ರ ಕೆಳಗ, ಇನ್ನೂ ಕೆಳಗ... ತಳಕ್ಕ ಹತ್ತತದ.

ಏನಂದಿ? ಈ ಕಡೆ ಮಾರಿ ಮಾಡಿ ಮಾತಾಡವ್ವಾ. ಗ್ವಾಡಿಗೆ ಹೇಳಿದ್ರ ನನಗೇನ ತಿಳೀತದ?

ಹಾಂ, ಮೀಟರ ಸುಳ್ಳ ಹೇಳ್ತಿರಬಹುದು ಅಂತಿ. ನಾನೂ ಮೊದಲ ಹಂಗ ಅನ್ಕೊಂಡೆ. ಹಳೇ ಸಾಮಾನು ಮಾರೋ ಜುನಾ ಬಜಾರಕ್ಕ ಹೋಗಿ ಬ್ಯಾರೆ ಮೀಟರ್ ತಂದು ಸೀದಾ ಎಂಜಿನ್‌ಗ ಜೋಡಿಸಿ ನೋಡಿದೆ. ಎರಡೂ ಒಂದ ಮಾತು ಹೇಳಿದ್ವು. ಆಮ್ಯಾಲೆ ಗಾಡಿ ಕೆಳಗ ಮಲಕೊಂಡು ಎಣ್ಣಿ ಚೇಂಬರ್ ಬಿಚ್ಚಿದೆ, ಒಳಗಿನ ಜಾಳಿಗಿಗೆ ರಾಡಿ ಹಿಡದಿರಬೇಕು ಅಂತ. ತೊಳದೆ. ಪಂಪ್ ಹೊಸಾದು ಹಾಕಿದೆ. ಪ್ರೆಶರಿನ ಸ್ಪ್ರಿಂಗ್ ಬದಲಿ ಮಾಡಿದೆ. ಈ ಪಾರ್ಕಿಂಗಿನ ಫರಶಿ ಮ್ಯಾಲ ಮಲಗಿ ಮಲಗಿ ಬೆನ್ನು ಹೋತು, ನನ್ನ ಅಂಗಿ ಒಗದು ಒಗದು ನಿಮ್ಮವ್ವನ ತಾಳ್ಮಿ ಹೋತು. ಮುಳ್ಳು ಮಾತ್ರ ಇದ್ದಲ್ಲೇ ಅದ.

ಯಾಕ್ ನಗ್ತಿ? ನಗೂ ಮಾತಲ್ಲಿದು. ಬರೋ ಐತವಾರ ನಿನ್ನ ಮದುವಿ. ನೀ ಸಣ್ಣಾಕಿ ಇದ್ದಾಗಿಂದ ಹೇಳ್ಕೋತ ಬಂದೀನಿ, ಮದುಮಗಳಾಗಿ ನೀ ಇದ ಅಂಬಾಸಿಡರಿನ್ಯಾಗ ಕುಂತು ಹೋಗಬೇಕು, ನಾನ ಹೊಡೀಬೇಕು ಅಂತ. ಮದುವಿ ಇರೋದು ಶಿರೂರಿನ್ಯಾಗ, ಅಲ್ಲಿ ತನಕ ದಾರಿ ಅದ. ನಡುವ ಎಲ್ಲರ ಎಂಜಿನ್ ಹಿಡಕೊಂಡು ನಿಂತ್ರ? ಮದುವಿ ಶಾಲೂ ಸೀರಿ ಉಟ್ಕೊಂಡು ಹೈವೇ ಬಾಜೂಕ ನಿಂದರ್ತೀಯೇನು? ಅಳಿಯಾ ಆಗೋ ವಿಕಾಸನ ಮನಿಯವರು ಏನಂದಾರು?

ಸ್ವಪ್ನಿಲ್? ಅವನ ಸುದ್ದಿ ತಗೀಬ್ಯಾಡ. ಅವನ್ನ ಗ್ಯಾರೇಜಿನಿಂದ ಕರಸಿದಾಕಿ ನಿಮ್ಮವ್ವ, ನಾ ಅಲ್ಲ. ಬಂದ, ಚಾಲೂ ಇದ್ದ ಗಾಡಿ ಬಾಜೂಕ ಸ್ವಲ್ಪ ನಿಂತ. ಬಾನೆಟ್ಟಿನ್ಯಾಗ ಹಣಿಕಿ ಸುದ್ದಾ ಹಾಕಲಿಲ್ಲ. "ಕಾಕಾ, ಬೇರಿಂಗ್ ಗೇಲಂ" ಅಂದ. ಬೇರಿಂಗ್ ಹೋಗ್ಯಾವಂತ. ಎಂಜಿನ್ ಪೂರಾ ಇಳಸಬೇಕಂತ. ನಾ ಅಂದೆ, ತಮ್ಮಾ, ನೀ ಮೊದಲ ಈ ಪಾರ್ಕಿಂಗಿನಿಂದ ಇಳಿ.

ಸಿಟ್ಟ ಬರೂದಿಲ್ಲೇನು? ಖಡಕಿ ಮಿಲಿಟರಿ ವರ್ಕ್‌ಶಾಪಿನ್ಯಾಗ ಇಡೀ ನೌಕರಿ ಟ್ಯಾಂಕಿನ ಎಂಜಿನ್ ಮುಂದ ನಿಂತು ಕಳದೀನಿ. "ಶಿವರಾಜನ್ನ ಕರೀರಿ, ಅವಾ ಕೇಳಿ ಹೇಳ್ತಾನ" ಅಂತಿದ್ರು ಸಾಹೇಬ್ರು. ಬೇರಿಂಗ್ ಸವದ್ರ ಸಂದಿ ಬೀಳ್ತದ, ಆ ಸಂದ್ಯಾಗಿಂದ ಎಣ್ಣಿ ಹರದು ಹೋಗ್ತದ, ಪ್ರೆಶರ್ ಇಳೀತದ. ಅದು ಖರೆ. ನನಗ ಕಲಸಬೇಕೇನು ಅದನ್ನ? ಆದ್ರ ಬೇರಿಂಗ್ ಹೋದ್ರ ಸುಮ್ಮನ ಹೋಗೂದಿಲ್ಲ. ಕೆಳಗಿಂದ ಧಡ್ ಧಡ್ ಅಂತ ಬಡೀತದ. ಆ ಸಪ್ಪಳ ಎಲ್ಲಿ ಅದ? ಹೇಳು ನೋಡೋಣ. ಎಲ್ಲಿ ಅದ ಸಪ್ಪಳ?

ಯಾಕ ಹಂಗ ನೋಡಾಕತ್ತಿ ನನ್ನ?

ಮೊನ್ನೆ ಮಂಗಲ ಕಾರ್ಯಾಲಯ ನೋಡಾಕ ಇದರಾಗ ಶಿರೂರಿಗೆ ಹೋಗಿ ಬಂದ್ವಿಲ್ಲ? ಬರಬೇಕಾದ್ರ ನೀ ಹಿಂದ ಕುಂತಿದ್ದಿ. ವಾಘೋಲಿ ದಾಟಿದ್ರೂ ಒಂದ ಮಾತಾಡಲಿಲ್ಲ. ಇಳದಾಕಿ ತಿರುಗಿ ನೋಡದ ಮ್ಯಾಲ ಹೋಗಿಬಿಟ್ಟಿ. ಯಾವುದಕ್ಕೋ ಸಿಟ್ಟಿಗೆದ್ದಾಳ ಅನ್ಕೊಂಡೆ. ಆದ್ರ ಎಂಜಿನ್ ಬಡದಿದ್ರ ನೀ ಹೇಳ್ತಿದ್ದಿಲ್ಲೇನು?

ಏನು? ಬಾಯಾಗ ಬಾಯಾಗ ಅನ್ನಬ್ಯಾಡ. ಈಗಿನ ಮಂದಿಗೆಲ್ಲಾ ಏನಾಗ್ಯದೋ, ಬಾಯಿ ಬಿಟ್ಟು ಮಾತಾಡೂದ ಬಿಟ್ಟಾರ.

ಇರ್ಲಿ. ಗಾಡಿ ಹತ್ತಿ ಕುಂದರು. ಹೆಂಗಿದ್ರೂ ಎಂಜಿನ್ ಕಾದದ, ಒಂದು ಚಕ್ಕರ್ ಹೊಡದು ಬಂದೀನಿ ಈಗ. ಚಾಲೂ ಮಾಡು. ಮಾಡಿದೇನು? ಹಾಂ, ಫ್ಯಾನ್ ತಿರಗಾಕತ್ತು. ನಾ ಇಲ್ಲಿ ಬಾನೆಟ್ಟಿನ್ಯಾಗ ಬಗ್ಗೀನಿ. ಸ್ವಲ್ಪ ರೇಸ್ ಕೊಡು... ಬಿಡು. ಮತ್ತ ಕೊಡು. ಕೇಳಿದ್ಯಾ? ಎಷ್ಟ ಮೆತ್ತಗ ನಡದದ ನೋಡು. ಎಲ್ಲಿ ಬಡೀತದ? ನಿನಗರ ಕೇಳ್ತದೇನು ಆ ಸ್ವಪ್ನಿಲ್ ಹೇಳಿದ ಸಪ್ಪಳ?

ದೀಪಾ, ನಿನ್ನ ಕೇಳಾಕತ್ತೀನಿ. ಹೌದಂದ್ರ ಹೌದನ್ನು, ಇಲ್ಲಂದ್ರ ಇಲ್ಲನ್ನು.

ಯಾಕ ಉತ್ತರ ಕೊಡವಲ್ಲಿ? ಅಪ್ಪಗ ಒಂದ ಮಾತು ಹೇಳಾಕ ಇಷ್ಟ ಬ್ಯಾಸರೇನು...

ಅಯ್ಯ. ನೀ ಯಾವಾಗ ಇಳದು ಬಂದಿ? ಇಲ್ಲೇ ನಿಂತೀಯಲ್ಲ, ನನ್ನ ಮಗ್ಗಲಾಗ.

ತುಟಿ ಅಳ್ಳಾಡಾಕತ್ತಾವ ನಿನ್ನವು. ಮಾತಾಡಾಕತ್ತೀಯೇನು? ಎಷ್ಟೊತ್ತಾತು? ಮ್ಯಾಲಿನ ಮನಿಗಳ ಗ್ಯಾಲರ್ಯಾಗ ಮಂದಿ ಯಾಕ ಹೊರಗ ಬಂದು ನೋಡಾಕತ್ತಾರ? ಅಷ್ಟು ಜೋರಾಗಿ... ಅಲ್ಲಿ ತನಕ ಕೇಳ್ತದೇನು ಈ ಎಂಜಿನ್ನಿನ ಬಡಿತ?

ಹೌದಂತ ತಲಿ ಹಾಕಾಕತ್ತಿ.

ಮೊನ್ನೆ ಶಿರೂರಿನಿಂದ ಬರಬೇಕಾದ್ರೂ... ಸುಮ್ಮನ ಕುಂತಿರಲಿಲ್ಲ ನೀ. ಹೌದಿಲ್ಲೋ? ಹಿಂದಿನಿಂದ ಹೇಳಾಕತ್ತಿದ್ದಿ. ನಿಲ್ಲಸು ಅಂದಿದ್ದೀಯೇನು? ನಿಲ್ಲಸು ಅಪ್ಪಾ ಅಂತ, ದಾರಿ ತುಂಬ...

ಏನರ ಅನ್ನು ದೀಪಾ. ನನ್ನ ಮಾರಿ ನೋಡಿ ಹೇಳು. ತುಟಿ ನೋಡಿದ್ರ ತಿಳೀತದ ನನಗ, ಸುಮಾರು ತಿಳೀತದ.

ಹೂಂ. ಬ್ಯಾಡ, ಹೇಳಬ್ಯಾಡ. ತಿಳೀತು.

ಗೊತ್ತಿತ್ತು ನನಗ. ಮೊದಲ ಬಲಗಿವಿ ಹೋತು, ಆಮ್ಯಾಲೆ ಎಡಗಿವೀನೂ ಇಳಕೋತ ಬಂತು. ನಿನ್ನ ಮದುವಿ ಒಂದು ಆಗಲಿ ಅಂತ ಸುಮ್ಮನಿದ್ದೆ. ಬೀಗರ ಮುಂದ ಕಿವುಡಪ್ಪ ಅನಸ್ಕೋಬಾರದು ಅಂತ. ಗಾಡಿ ಕೀಲಿ ನನ್ನ ಕೈಯಾಗಿಂದ ಕಸ್ಕೊಂಡೀರಿ ಅಂತ. ಹಿಂದಿನ ಲಾರಿ ಹಾರ್ನ್ ಸುದ್ದಾ ಕೇಳೂದಿಲ್ಲ, ಕನ್ನಡ್ಯಾಗ ನೋಡಿ ದಾರಿ ಬಿಡ್ತೀನಿ... ಅಂಥಾ ಗಾಡ್ಯಾಗ ನಿನ್ನ ಕುಂದರಿಸ್ಕೊಂಡು ಬಂದೀನಿ.

ಅಳಬ್ಯಾಡ. ಎಂಜಿನ್ ಬಂದ್ ಮಾಡು. ಇನ್ನೂ ಬಡಸಿದ್ರ ಪೂರಾ ಕೆಡತದ.

ಸ್ವಪ್ನಿಲ್‌ಗ ಫೋನ್ ಹಚ್ಚು. ಬಾ, ಎಂಜಿನ್ ಇಳಸೋಣ ಅಂದಾರ ನಮ್ಮಪ್ಪ ಅಂತ ಹೇಳು. ನನ್ನ ಕೈಯಾಗ ಕೊಡಬ್ಯಾಡ, ನೀನ ಮಾತಾಡು. ಫೋನಿನ್ಯಾಗ ನನಗೇನೂ ಕೇಳೂದಿಲ್ಲವ್ವಾ.